ಏಣಿ ಹಿಡಿಯುವವಳು

ಗೋಡೆಗುಂಟ ಇಳಿಯುತ್ತಿದ್ದ ನೀರಿಗೆ ಮಗಳು ಇನ್ನೊಂದು ಹಳೆಯ ಟವೆಲ್ ಒತ್ತಿದಳು. ಅದೂ ತೊಯ್ದುಹೋಯಿತು. ಅಪ್ಪನನ್ನು ಮಲಗಿಸಿದ ಮಂಚಕ್ಕೂ ನೀರಿಗೂ ನಡುವೆ ಉಳಿದಿದ್ದು ಎರಡೇ ಗೇಣು.

“ಮಂಚ ಆಚೆ ಎಳೆಯೋಣ,” ಎಂದರು ಚಿಕ್ಕಪ್ಪ.

“ಎಲ್ಲಿಗೆ ಎಳೀತೀರಿ? ಬೀದಿಗಾ?” ತಾಯಿ ನಿನ್ನೆಯಿಂದ ಅತ್ತಿರಲಿಲ್ಲ, ಬರೀ ಬೈದಿದ್ದರು. “ಮೂವತ್ತು ವರ್ಷ ಈ ಗೋಡೆಗೆ ಒಂದು ಹನಿ ಇಳಿದಿಲ್ಲ. ಇವತ್ತೇ ಇಳೀಬೇಕಿತ್ತಾ? ಇನ್ನೊಂದು ಗಂಟೇಲಿ ಗಾಡಿ ಬರುತ್ತೆ. ಒದ್ದೆ ಮನೆಯಿಂದ ಅವರನ್ನ ಕಳಿಸಲ್ಲ ನಾನು.”

“ಮಳೆಗೆ ಯಾರೇನು ಮಾಡೋಕಾಗುತ್ತೆ ಅತ್ತಿಗೆ?”

“ಮಳೆ ಪಾಡಿಗೆ ಮಳೆ ಬರ್ತಿದೆ. ಸೂರಿನ ದೋಣಿ ಕಟ್ಟಿಕೊಂಡಿದೆ.”

ಸೂರಿನಂಚಿನ ಆ ತಗಡಿನ ದೋಣಿಗೆ ಪಕ್ಕದ ಮನೆಯ ಮರದ ಎಲೆಗಳೆಲ್ಲ ಬೀಳುತ್ತಿದ್ದವು. ತೆಗೆಯದಿದ್ದರೆ ನೀರು ಕೊಳವೆಗೆ ಇಳಿಯದೆ ಗೋಡೆಗೆ ನುಗ್ಗುತ್ತಿತ್ತು. ತಿಂಗಳ ಮೊದಲ ಭಾನುವಾರ ಅಪ್ಪ ಹತ್ತುತ್ತಿದ್ದರು, ತಾಯಿ ಏಣಿ ಹಿಡಿಯುತ್ತಿದ್ದರು. ಬೇರೆ ಯಾರು ಹಿಡಿದರೂ ತಾಯಿಗೆ ನಂಬಿಕೆಯಿಲ್ಲ.

ಅಡುಗೆಮನೆಯಿಂದ ಪಕ್ಕದ ಮನೆಯಾಕೆ ಇಣುಕಿದರು. “ಟೀ ಸೋಸೋ ಜಾಲರಿ ಸಿಗ್ತಾ ಇಲ್ವಲ್ಲ?”

“ಈ ಮನೇಲಿ ಜಾಲರಿ ಯಾವತ್ತು ಉಳಿದಿದೆ? ಬಟ್ಟೇಲಿ ಸೋಸಿ!”

*

ನಿನ್ನೆ ಬೆಳಿಗ್ಗೆ ತಾಯಿ ಏಣಿ ಹಿಡಿದು ಹೊರಗೆ ನಿಂತಿದ್ದರು. “ಶೂ ಹಾಕ್ಕೊಂಡು ಬಂದೆ” ಎಂದು ಒಳಗೆ ಹೋದ ಅಪ್ಪನ ಸುಳಿವಿರಲಿಲ್ಲ.

“ರೀ, ಮದುವೆಗೆ ಹೊರಟಿದ್ದೀರಾ? ಬನ್ನಿ ಬೇಗ!”

ಕೈ ಬದಲಿಸಿ ಮತ್ತೆ ಕೂಗಿದರು.

“ಕೇಳಿಸಿದ್ರೂ ಕೇಳಿಸದ ಹಾಗೆ ಕೂತಿರಿ. ನನ್ನ ಕೈಯೇನು ಕಬ್ಬಿಣದ್ದಾ?”

ಹೀಗೇ ಕಾಲು ಗಂಟೆ ಕೂಗಿದರು. ಕೈಬಿಟ್ಟು ಒಳಗೆ ಹೋಗಿ ನೋಡಬಹುದಿತ್ತು. ಆದರೆ ಗೋಡೆಗೆ ಒರಗಿಸಿದ ಏಣಿಯನ್ನು ಬಿಟ್ಟು ಕದಲಬಾರದು ಎಂಬುದು ಅಪ್ಪನದೇ ಕಟ್ಟಪ್ಪಣೆ. ಒಳಗೆ ಅವರು ಒಂದು ಶೂ ಕಟ್ಟಿ, ಇನ್ನೊಂದರ ಲೇಸನ್ನು ಬೆರಳಿಗೆ ಸುತ್ತಿಕೊಂಡು, ಕುರ್ಚಿಯಲ್ಲಿ ಬಾಗಿ ಕೂತಿದ್ದರು. ಉಸಿರು ಯಾವಾಗ ನಿಂತಿತ್ತೋ.

*

ಮಗಳು ಮಳೆಯಲ್ಲೇ ಏಣಿ ಹತ್ತಿದಳು. ಹಿಡಿಯಲು ಬಂದ ಚಿಕ್ಕಪ್ಪನನ್ನು ತಾಯಿ ಪಕ್ಕಕ್ಕೆ ಸರಿಸಿದರು.

“ಬೀಳ್ತೀಯ, ನೋಡಿಕೊಂಡು! ಮೂವತ್ತು ವರ್ಷ ಅವರು ಬೀಳ್ತಾರೆ, ಬೀಳ್ತಾರೆ ಅಂತ ಜೀವ ಹಿಡಿದುಕೊಂಡು ನಿಂತೆ. ಕುರ್ಚೀಲಿ ಕೂತು ಹೋದರು ಮಹಾರಾಯರು.”

“ಅಮ್ಮಾ, ಹಿಡಿದಿದ್ದೀಯಾ?”

ಅಪ್ಪ ಮೇಲಿನಿಂದ ಕೇಳುತ್ತಿದ್ದ ಅದೇ ಪ್ರಶ್ನೆ, ಅದೇ ರಾಗ.

“ಹಿಡಿದಿದ್ದೀನಿ.”

ಕೊಳೆತ ಎಲೆ ಹಿಡಿಹಿಡಿಯಾಗಿ ಕೆಳಗೆ ಬಿತ್ತು. ಆಮೇಲೆ ಮೇಲಿನಿಂದ ಕೂಗು: “ಅಮ್ಮಾ, ಟೀ ಜಾಲರಿ! ಎಲೆ ಒಳಗೆ ಹೋಗದಿರಲಿ ಅಂತ ಅಪ್ಪ ಕೊಳವೆ ಬಾಯಿಗೆ ತುರುಕಿದ್ದಾರೆ. ಇದಕ್ಕೇ ಎಲೆಯೆಲ್ಲ ಮೆತ್ತಿಕೊಂಡಿದೆ.”

“ಕೊಡು ಇಲ್ಲಿ! ನಾಲ್ಕು ಜಾಲರಿ ಹೋಯ್ತು ಅಂತ ನಿನ್ನನ್ನೇ ಬೈದಿದ್ದೆನಲ್ಲೇ! ಒಂದು ಮಾತು ಹೇಳಿದರಾ ಈ ಮನುಷ್ಯ?”

ಕೊಳವೆಯೊಳಗೆ ನೀರು ಗುಡುಗುಡು ಇಳಿಯಿತು. ಕಿಟಕಿಯಿಂದ ಚಿಕ್ಕಪ್ಪ ಕೂಗಿದರು: “ಗೋಡೇಲಿ ಇಳಿಯೋದು ನಿಂತಿತು ಅತ್ತಿಗೆ!”

ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಮಗಳು ಇಳಿದು ಕೈ ಒರೆಸಿಕೊಂಡಳು.

“ಬಾಮ್ಮ. ಎತ್ತುತ್ತಾರಂತೆ.”

“ನೀನು ನಡಿ, ಬಂದೆ.”

ಬಾಗಿಲಲ್ಲಿ ಮಗಳು ತಿರುಗಿ ನೋಡಿದಳು. ತಾಯಿ ಸೊಂಟಕ್ಕೆ ತುಕ್ಕು ಹಿಡಿದ ಜಾಲರಿ ಸಿಕ್ಕಿಸಿಕೊಂಡು, ಒಂದು ಕಾಲನ್ನು ಏಣಿಯ ಕೆಳಗಿನ ಮೆಟ್ಟಿಲಿಗೆ ಒತ್ತಿ, ಮಳೆಗೆ ಮುಖ ಎತ್ತಿ, ಖಾಲಿ ಏಣಿಯನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದರು.