ರಾನ್ಕೊನ ಬೆನ್ನ ಹಿಂದಿನ ಪೆಟ್ಟಿಗೆ

ಎಲ್ಲಿಂದ ಶುರುಮಾಡಲಿ? ಬಂದರಿನಿಂದ ಅಂದರೆ ನೀವು ಕಡಲು, ಕ್ರೇನು, ಚಳಿಗಾಳಿ ಎಂದು ಬಾಯಿ ಬಿಟ್ಟುಕೊಂಡು ಕೂರುತ್ತೀರಿ. ಅದಕ್ಕೆಲ್ಲ ನನಗೆ ಪುರುಸೊತ್ತಿಲ್ಲ. ‘ಲಿಮ್’ ಎನ್ನುವುದು ಬಂದರು ಊರಾದ ರಿಯೇಕಾದ ಹಳೆಯ ರಾಕ್ ಬ್ಯಾಂಡು, ಅಲ್ಲಿನ ಮಾತಿನಲ್ಲಿ ಲಿಮ್ ಅಂದರೆ ತಗಡು, ಅಂತ ಶುರುಮಾಡಿದರೆ ಪತ್ರಿಕೆಯ ಸುದ್ದಿಯಾಗುತ್ತದೆ. (ಪತ್ರಿಕೆಯವರು ಬರೆದೂ ಆಗಿದೆ: ‘ಹೊಸ ಆಲ್ಬಮ್ಮಿನಲ್ಲಿ ಲಿಮ್‌ಗೆ ಮರುಹುಟ್ಟು’. ಸತ್ತಿದ್ದು ಯಾವಾಗ, ಸ್ವಾಮಿ?)

೧

ಸರಿ, ಸ್ಟೂಲಿನಿಂದ ಶುರು. ಡ್ರಮ್ ಬಾರಿಸುವ ರಾನ್ಕೊ ಅದರ ಮೇಲೆ ಕೂತು ಮೂವತ್ತನಾಲ್ಕು ವರ್ಷವಾಯಿತು. ಅವನಿಗೀಗ ಅರವತ್ತೊಂದು. ಕಿವಿ ಹೋಗಿದೆ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಹಿಡಿಯುತ್ತಾನೆ; ಹಾಡನ್ನು ಬೆನ್ನಿನಿಂದ ಹಿಡಿಯುತ್ತಾನೆ. ಬೇಸ್ ಗಿಟಾರಿನ ಸ್ಪೀಕರ್ ಪೆಟ್ಟಿಗೆ, ಫ್ರಿಜ್ಜಿನಷ್ಟು ದೊಡ್ಡದು, ಹನ್ನೊಂದು ವರ್ಷದಿಂದ ಅವನ ಸ್ಟೂಲಿನ ಹಿಂದೆಯೇ ಇತ್ತು. ನೆವೆಂಕಾ ಬೇಸಿನ ತಂತಿ ಮೀಟಿದರೆ ಅವನ ಬೆನ್ನುಮೂಳೆ ನಡುಗುತ್ತಿತ್ತು, ಕೈ ಏಳುತ್ತಿತ್ತು. ಇದು ಯಾರಿಗೂ ಗೊತ್ತಿಲ್ಲ.

ಗೊತ್ತಾದರೆ? ಹಿಂದೆ ಇವರ ಗಿಟಾರಿಸ್ಟನ ಬೆರಳು ಮರಗಟ್ಟತೊಡಗಿದಾಗ ಹಾಡುಗಾರ ಎದೊ ಒಂದೇ ವಾರದಲ್ಲಿ ಅವನನ್ನು ಹೊರಗೆ ಹಾಕಿದ. ಆಮೇಲೆ ಅವನ ಬಗ್ಗೆ ಕಣ್ಣೀರು ತರಿಸುವ ಹಾಡೊಂದನ್ನು ಬರೆದ. ಹಾಡು ಹಿಟ್ಟಾಯಿತು.

೨

ಹೊಸ ಆಲ್ಬಮ್ಮಿಗೆಂದು ಎದೊ ಸ್ಪೀಕರ್ ಪೆಟ್ಟಿಗೆಗಳನ್ನೆಲ್ಲ ಸ್ಟುಡಿಯೋದಿಂದ ಹೊರಗೆ ಇಡಿಸಿದ. ಬೇಸು ವೈರಿನಲ್ಲಿ ನೇರ ರೆಕಾರ್ಡಿಂಗ್ ಯಂತ್ರಕ್ಕೆ. ಎಲ್ಲರ ತಲೆಗೂ ಹೆಡ್‌ಫೋನು.

“ತಗಡು ಬಡಿದಿದ್ದು ಸಾಕು. ಇನ್ಮೇಲೆ ಖಾಲಿ ಇರ್ಬೇಕು, ಗೊತ್ತಾಯ್ತಾ? ಹಾಡಲ್ಲಿ ಗಾಳಿ ಆಡ್ಬೇಕು.”

“ಗಾಳಿ ಬೇಕಿದ್ರೆ ಕಿಟಕಿ ತೆಗಿ,” ಅಂದಳು ನೆವೆಂಕಾ.

ರಾನ್ಕೊನಿಗೆ ಹೆಡ್‌ಫೋನಿನಲ್ಲಿ ಸಿಕ್ಕಿದ್ದು ಎಲ್ಲೋ ದೂರದ ಗುಂಯ್ ಅಷ್ಟೇ. ಅವನು ತಾಳ ಹಾಕುತ್ತಿದ್ದ ಎದೊನ ಬಲಗಾಲಿನ ಬೂಟು ನೋಡಿಕೊಂಡು ಬಾರಿಸಿದ. ಎರಡು ಹಾಡು ಹಾಗೇ ದಾಟಿದವು. ಮೂರನೆಯದರ ನಡುವೆ ಎಂಟು ಎಣಿಕೆಯಷ್ಟು ಹೊತ್ತು ಎಲ್ಲ ನಿಲ್ಲಬೇಕಿತ್ತು. ನಿಂತಿತು. ಬೂಟು ಮಾತ್ರ ಎಣಿಸುತ್ತಲೇ ಇತ್ತು. ರಾನ್ಕೊ ಬಾರಿಸುತ್ತಲೇ ಇದ್ದ, ಆ ಖಾಲಿಯಲ್ಲಿ ಒಬ್ಬನೇ.

೩ (ಹೊಡೆದುಹಾಕಿದ್ದು)

ಎದೊ ಕೋಲು ಕಿತ್ತುಕೊಂಡ. ರಾನ್ಕೊ ಕಣ್ಣೊರೆಸಿಕೊಳ್ಳುತ್ತ ಕಡಲಿನತ್ತ ನಡೆದ. ಅಲೆಗಳು—

ಥೂ. ಕಡಲ ಮುಂದೆ ನಿಂತು ಅಳುವ ಗಂಡಸರನ್ನು ಈ ಊರಿನಲ್ಲಿ ಸಿನಿಮಾದವರು ಬಿಟ್ಟರೆ ಯಾರೂ ಕಂಡಿಲ್ಲ.

೩

ಆದದ್ದು ಇದಕ್ಕಿಂತ ಕೆಟ್ಟದ್ದು. ಎದೊ ಹಾರಿ ಬಂದು ರಾನ್ಕೊನ ಎರಡೂ ಕೆನ್ನೆಗೆ ಮುತ್ತಿಟ್ಟ.

“ಏ ಮುದುಕಾ! ಎಲ್ಲಿ ಬಚ್ಚಿಟ್ಟಿದ್ಯೋ ಇದನ್ನ? ನಾವೆಲ್ಲ ಸತ್ಮೇಲೂ ನೀನೊಬ್ಬ ಬಾರಿಸ್ತಾನೇ ಇದೀಯ! ಇದೇ ಕಣೋ ಹೊಸ ಸೌಂಡು!”

“ಸುಮ್ನೆ... ಹಂಗೇ ಬಂತು.”

“ಇನ್ನೊಂದ್ಸಲ ಬರ್ಲಿ. ನಮ್ಮದೆಲ್ಲ ರೆಕಾರ್ಡ್ ಆಗಿದೆ, ಅದ್ರ ಮೇಲೆ ಬಾರ್ಸು. ನಾನು ಗಾಜಿನ ಆಚೆ ಕೂತು ಕೇಳ್ತೀನಿ.”

ಗಾಜಿನ ಆಚೆ. ಅಂದರೆ ಬೂಟೂ ಆಚೆ.

(ಬೆವರುತ್ತಿರುವುದು ಅವನೊಬ್ಬನೇ ಅಲ್ಲ, ಓದುಗರೇ. ಗೊತ್ತಿಲ್ಲದೆ ಮಾಡಿದ್ದನ್ನು ಗೊತ್ತಿದ್ದು ಮಾಡು ಅಂದರೆ? ಹಾಡು ಶುರುವಾಗುವುದೇ ಹೆಡ್‌ಫೋನಿನೊಳಗೆ. ಬೂಟಿಲ್ಲದೆ ಮೊದಲ ಪೆಟ್ಟು ಎಲ್ಲಿ ಇಡುವುದು? ಒಮ್ಮೆ ತಪ್ಪಿದರೆ ಎದೊ ನಗುತ್ತಾನೆ. ಮೂರು ಸಲ ತಪ್ಪಿದರೆ ಕಾರಣ ಹುಡುಕುತ್ತಾನೆ. ಇಲ್ಲಿಗೆ ತಂದು ಸಿಕ್ಕಿಸಿದವನು ನಾನು. ಬಿಡಿಸುವುದು ನನಗೆ ಬರುತ್ತಿಲ್ಲ.)

೪

ಆಗ ನೆವೆಂಕಾ ನನ್ನ ಮೇಲೆ ಏರಿ ಬಂದಳು.

“ಏನೋ ಬರ್ದಿದೀಯ ಮೇಲೆ? ‘ಯಾರಿಗೂ ಗೊತ್ತಿಲ್ಲ’ ಅಂತ?”

“ಗುಟ್ಟಿದ್ರೇನೇ ಕತೆ ಅಕ್ಕಾ.”

“ಆ ಪೆಟ್ಟಿಗೆ ಅರವತ್ತು ಕಿಲೋ. ಹನ್ನೊಂದು ವರ್ಷ, ಹೋದೋದ ಊರಲ್ಲೆಲ್ಲ, ತಾನಾಗೇ ತೆವಳ್ಕೊಂಡು ಅವನ ಬೆನ್ನಿಂದೆ ಹೋಯ್ತಾ? ನನ್ನ ಸೊಂಟಾನ ಕೇಳು, ಹೇಳುತ್ತೆ.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?”

“ಅವನ ಕಿವಿ. ಹೇಳೋನೂ ಅವನೇ.”

ಮೇಲಿನ ಆ ಸಾಲನ್ನು ಅಳಿಸಿಲ್ಲ. ನನ್ನ ದಡ್ಡತನ ಅಲ್ಲೇ ಬಿದ್ದಿರಲಿ.

೫

ಅವಳು ಹೊರಗಿನ ಕಾರಿಡಾರಿನಲ್ಲಿದ್ದ ಪೆಟ್ಟಿಗೆಯನ್ನು ಒಬ್ಬಳೇ ದಬ್ಬಿಕೊಂಡು ಒಳಗೆ ಬಂದಳು. ಸ್ಟೂಲಿನ ಹಿಂದೆ ನಿಲ್ಲಿಸಿ ತನ್ನ ಬೇಸಿನ ವೈರು ಚುಚ್ಚಿದಳು. ಕೆಂಪು ದೀಪ ಹೊತ್ತಿತು.

ಎದೊ ಗಾಜಿನ ಆಚೆಯಿಂದ ಓಡಿ ಬಂದ. “ತಲೆ ಕೆಟ್ಟಿದ್ಯಾ ನೆವೆಂಕಾ? ಇದ್ರ ಗೊರಗೊರ ಎಲ್ಲ ಮೈಕಿಗೂ ಸೇರ್ಕೊಳ್ಳುತ್ತೆ! ಯಾಕೆ ಬೇಕು ಇದು?”

ನೆವೆಂಕಾ ಅವನ ಕಡೆ ತಿರುಗಲೂ ಇಲ್ಲ. ರಾನ್ಕೊನ ಎದುರು ಬಂದು ನಿಂತು, ಒಂದೊಂದೇ ಪದವಾಗಿ ಅಂದಳು: “ಇದು. ಯಾಕೆ. ಬೇಕು. ಅಂತ. ಕೇಳ್ತಿದಾನೆ.”

ಅವಳು ಯಾರೊಂದಿಗೂ ಅಷ್ಟು ನಿಧಾನ ಮಾತಾಡುವವಳಲ್ಲ. ರಾನ್ಕೊ ಅವಳ ತುಟಿ ನೋಡಿದ, ಪೆಟ್ಟಿಗೆ ನೋಡಿದ. ಹನ್ನೊಂದು ವರ್ಷ ಒಮ್ಮೆಲೇ ಅರ್ಥವಾಯಿತು.

೬

ಮುಕ್ತಾಯ ಒಂದು: ಅವನು ಹೇಳುತ್ತಾನೆ, ಎದೊ ತಬ್ಬಿಕೊಳ್ಳುತ್ತಾನೆ, ಆಲ್ಬಮ್ ಗೆಲ್ಲುತ್ತದೆ. (ನಂಬುವವರು ಕೈ ಎತ್ತಿ.)

ಮುಕ್ತಾಯ ಎರಡು: ಅವನು ಹೇಳುತ್ತಾನೆ, ಮುಂದಿನ ವಾರ ಸ್ಟೂಲಿನ ಮೇಲೆ ಬೇರೊಬ್ಬ, ಮುಂದಿನ ವರ್ಷ ರಾನ್ಕೊನ ಮೇಲೊಂದು ಹಾಡು.

ಮುಕ್ತಾಯ ಮೂರು: “ಬೆನ್ನು ನೋವು, ಒರಗಿಕೊಳ್ಳೋಕೆ” ಅನ್ನುತ್ತಾನೆ. ಇನ್ನೊಂದು ಹನ್ನೊಂದು ವರ್ಷ.

ಆರಿಸಲಾರೆ. ಇವರೆಲ್ಲರ ಬಾಯಿಗೆ ಇಷ್ಟು ವರ್ಷ ಮಾತು ಬರೆದುಕೊಟ್ಟವನು ಎದೊ. ನಾನೂ ಬರೆದುಕೊಟ್ಟರೆ ಇನ್ನೊಬ್ಬ ಎದೊ ಆದೆ, ಅಷ್ಟೇ. ಕಂಡಿದ್ದನ್ನು ಮಾತ್ರ ಬರೆಯುತ್ತೇನೆ.

ರಾನ್ಕೊ ಹೆಡ್‌ಫೋನು ತೆಗೆದಿಟ್ಟ. ಬೆನ್ನನ್ನು ಪೆಟ್ಟಿಗೆಗೆ ಒತ್ತಿದ. ನೆವೆಂಕಾ ದಪ್ಪ ತಂತಿಯನ್ನು ಒಮ್ಮೆ ಮೀಟಿದಳು. ಅವನ ಭುಜ ಸಡಿಲಾಯಿತು.

“ಎದೊ,” ಅಂದ. “ಇಲ್ಲಿ ಬಾ. ನಿನ್ನ ಬಾಯಿ ನಂಗೆ ಕಾಣೋ ಹಂಗೆ ನಿಂತ್ಕೊ.”

ಎದೊ ಬಂದು ನಿಂತ. ಈ ಸಲ ಬೂಟೂ ನಿಂತಿತು.