ನನ್ನ ಗಂಡನಿಗೆ ಓಟು ಹಾಕಬೇಡಿ

ಪೆನ್ನಿಗೆ ದಾರ ಕಟ್ಟಿದ್ದಾರೆ, ಚರ್ಚಿನ ನೆಲಮಾಳಿಗೆಯಲ್ಲಿ ಯಾರು ಕದಿಯುತ್ತಾರೆ ಪೆನ್ನನ್ನು, ಪಾಸ್ಟರೇ ಕದಿಯೋದು ನೆಟಾ ಎನ್ನುತ್ತಿದ್ದ ವೆಂಡೆಲ್, ಥೂ ನಿನ್ನ ಬಾಯಿಗೆ ಬೀಗ ಹಾಕ ಎನ್ನುತ್ತಿದ್ದೆ ನಾನು — ಮೇಯರ್ ಹುದ್ದೆಗೆ, ಒಬ್ಬರಿಗೆ ಮಾತ್ರ ಮತ ನೀಡಿ, ಕೆಳಗೆ ಎರಡು ಹೆಸರು, ಕಾನ್‌ಸ್ಟನ್ಸ್ ಪೆಟ್ರಾಕ್, ವೆಂಡೆಲ್ ಟಿಬ್ಸ್, ಪಕ್ಷದ ಗುರುತಿನ ಆನೆಯಿಲ್ಲ, ಕತ್ತೆಯಿಲ್ಲ, ನಮ್ಮೂರ ಮೇಯರ್ ಚುನಾವಣೆಗೆ ಪಕ್ಷವೇ ಇಲ್ಲ, ಬರೀ ಹೆಸರು, ಹೆಸರಿನ ಮುಂದೆ ಕಪ್ಪು ತುಂಬಬೇಕಾದ ಒಂದು ಸೊನ್ನೆ, ಅಷ್ಟೇ. ನನ್ನ ವೆಂಡೆಲ್‌ನನ್ನು ಮಣ್ಣು ಮಾಡಿ ಎರಡು ವಾರವೂ ಆಗಿಲ್ಲ, ಹೆಸರು ಮಾತ್ರ ಎಷ್ಟು ನೆಟ್ಟಗೆ ನಿಂತಿದೆ, ಮತಪತ್ರ ಅಚ್ಚಾದ ಮೇಲೆ ಸತ್ತರೆ ಹೆಸರು ತೆಗೆಯುವಂತಿಲ್ಲವಂತೆ, ಓಟು ಎಣಿಸುತ್ತಾರಂತೆ, ಸತ್ತವನು ಗೆಲ್ಲಲೂಬಹುದಂತೆ. ಗೆದ್ದರೆ ಏನಾಗುತ್ತದೆ ಎಂದು ಲೂಷಿಯಸ್ ಅಡುಗೆಮನೆಯಲ್ಲಿ ಕೂತು ಬಿಡಿಸಿ ಹೇಳಿದ, ಅವನ ಜೊತೆ ಬಸ್ಸು ಓಡಿಸಿದವನು, ಪ್ರಚಾರವನ್ನೆಲ್ಲ ತಲೆಯ ಮೇಲೆ ಹೊತ್ತವನು, ಟೋಪಿ ತಿರುಗಿಸುತ್ತಾ, ನನ್ನ ಮುಖ ನೋಡದೆ, ಅತ್ತಿಗೆ, ಅವನು ಗೆದ್ರೆ ಕುರ್ಚಿ ಖಾಲಿ, ಖಾಲಿ ಕುರ್ಚಿಗೆ ಕೌನ್ಸಿಲ್‌ನೋರು ತಮ್ಮ ಅಧ್ಯಕ್ಷ ಗಾಲ್ಟ್‌ನ ಕೂರಿಸ್ತಾರೆ, ಗಾಲ್ಟ್ ಕೂತ ಅಂದ್ರೆ ಸಂಜೆ ಬಸ್ಸು ನಿಂತ ಹಾಗೇನೇ. ಕತ್ತಲಾದ ಮೇಲಿನ ಬಸ್ಸು, ಆಸ್ಪತ್ರೆಯ ನೆಲ ಒರೆಸಿ ಸುಸ್ತಾದ ಹೆಂಗಸರು ಹತ್ತುವ ಬಸ್ಸು, ತಲೆ ನೆರೆಯುವವರೆಗೂ ವೆಂಡೆಲ್ ಓಡಿಸಿದ್ದು, ಅದನ್ನು ಉಳಿಸಲೆಂದೇ ಅಲ್ಲವೇ ಈ ಚುನಾವಣೆಗೆ ನಿಂತದ್ದು. ಪೆಟ್ರಾಕ್ ಬಸ್ ಮುಟ್ಟಲ್ಲ ಅತ್ತಿಗೆ, ಮಾತು ಕೊಟ್ಟಿದಾಳೆ. ಪೆಟ್ರಾಕ್! ಅವಳಿಗೂ ಇವನಿಗೂ ಹಾವು ಮುಂಗುಸಿ, ತುಂಬಿದ ಸಭೆಯಲ್ಲಿ, ಮಿಸ್ಟರ್ ಟಿಬ್ಸ್, ನಿಮ್ಮ ಉತ್ತರ ನಿಮ್ಮ ಬಸ್ಸಿನಷ್ಟೇ ತಡ ಅಂದಳು, ತಡ ಆದ್ರೂ ಬರುತ್ತೆ ಮೇಡಂ ಅಂದ ಇವನು, ಮನೆಗೆ ಬಂದು ಬೂಟು ಬಿಚ್ಚುತ್ತಾ ನಕ್ಕಿದ್ದೇ ನಕ್ಕಿದ್ದು, ಅವಳಿಗೆ ನಾಲಿಗೆ ಇದೆ ಕಣೇ, ನಂಗಿಷ್ಟ. ಶವಪೆಟ್ಟಿಗೆಯ ಹತ್ತಿರ ಅವಳೂ ಬಂದು ನಿಂತಳು, ನನ್ನ ಕೈ ಹಿಡಿದುಕೊಂಡಳು, ಅವಳ ಕೈ ಮಂಜಿನ ಹಾಗೆ ತಣ್ಣಗಿತ್ತು.

ಭಾನುವಾರ ಚರ್ಚಿನಲ್ಲಿ ಎದ್ದು ನಿಂತೆ, ಹೇಳಿಯೇಬಿಟ್ಟೆ, ನನ್ನ ಗಂಡನಿಗೆ ಓಟು ಹಾಕ್ಬೇಡಿ, ಪೆಟ್ರಾಕ್‌ಗೆ ಹಾಕಿ — ಯಾವ ಹೆಂಡತಿಯ ಬಾಯಲ್ಲಿ ಬರಬೇಕು ಇಂಥ ಮಾತು — ಎಲ್ಲರೂ ಅತ್ತರು, ಆಮೆನ್ ಅಂದರು, ಬೀಸಣಿಗೆಯಿಂದ ನನಗೆ ಗಾಳಿ ಹಾಕಿದರು, ಪಾಪ, ದುಃಖದಲ್ಲಿ ಏನೇನೋ ಬಡಬಡಿಸ್ತಾಳೆ ಅಂದರು, ಸಿಹಿಗೆಣಸಿನ ಪೈ ಮನೆಗೆ ತಂದುಕೊಟ್ಟರು. ಈಗಷ್ಟೇ, ಬಾಗಿಲ ಮೇಜಿನಲ್ಲಿ ಮತಪತ್ರ ಕೊಡುವ ಮಿಸ್ ಜೆರಲ್ಡೀನ್ ನನ್ನ ಕೆನ್ನೆ ಸವರಿ, ಇಲ್ಲಿ ಹೇಳ್ಬಾರ್ದು ಸಿಸ್ಟರ್, ಆದ್ರೂ ಹೇಳ್ತೀನಿ, ನಮ್ಮೋರೆಲ್ಲ ವೆಂಡೆಲ್‌ಗೇ, ಅಷ್ಟಾದ್ರೂ ಮಾಡ್ಬೇಡ್ವಾ ನಾವು ಅವ್ರಿಗೆ ಅಂದಳು. ಅಯ್ಯೋ ದೇವರೇ, ಪ್ರೀತಿಯಿಂದಲೇ ಅವನ ಬಸ್ಸು ನಿಲ್ಲಿಸುತ್ತಿದ್ದಾರಲ್ಲ, ಬೈಯೋಣವೆಂದರೆ ಹೇಗೆ ಬೈಯಲಿ, ಕಾರಿಲ್ಲದ ಮುದುಕಿ, ಇವಳೇ ಇವತ್ತು ಆ ಬಸ್ಸಿನಲ್ಲೇ ಮನೆಗೆ ಹೋಗಬೇಕು. ಇಷ್ಟು ಜನರ ನಡುವೆ ನನ್ನದೊಂದು ಓಟು ಯಾವ ಮೂಲೆಗೆ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಅವನಿಗೇ ಹಾಕಿಬಿಡಲೇ, ಜೀವಮಾನದಲ್ಲಿ ಒಂದೇ ಒಂದು ಸಲ ಗಂಡನ ಹೆಸರಿನ ಮುಂದಿನ ಸೊನ್ನೆ ತುಂಬುವ ಭಾಗ್ಯ, ಯಾರಿಗೆ ಗೊತ್ತಾಗುತ್ತದೆ — ಅವನಿಗೆ ಗೊತ್ತಾಗುತ್ತದೆ, ನೀನೂನಾ ನೆಟಾ, ನೀನೂ ಈ ಅಳುಮುಂಜಿಗಳ ಜೊತೆ ಸೇರ್ಕೊಂಡ್ಯಾ — ತುಂಬಿದೆ, ಪೆಟ್ರಾಕ್‌ಳ ಸೊನ್ನೆ ತುಂಬಿಬಿಟ್ಟೆ, ಅಂಚು ದಾಟದ ಹಾಗೆ, ಆಯಿತು, ಇನ್ನು ಕಾಗದವನ್ನು ಓಟು ಎಣಿಸುವ ಯಂತ್ರಕ್ಕೆ ಕೊಟ್ಟು ಹೊರಡಬೇಕು, ಹಿಂದೆ ಯಾರೋ ಕೆಮ್ಮುತ್ತಿದ್ದಾರೆ, ನನಗಾಗಿ ಕಾಯುತ್ತಿದ್ದಾರೆ, ಆದರೆ ಪೆನ್ನು ಅವನ ಸಾಲಿಗೇ ಇಳಿಯುತ್ತಿದೆ, ಎರಡೂ ತುಂಬಿದರೆ ಮತ ಯಾರಿಗೂ ಇಲ್ಲ, ಗೊತ್ತು, ಗೊತ್ತು, ಆದರೂ ಅವನ ಸೊನ್ನೆ ಬೆಳ್ಳಗೆ ತೆರೆದುಕೊಂಡೇ ಇದೆ, ಅವನು ಹೋದ ದಿನ ಬೆಳಗಿನ ತಿಂಡಿಯ ಮೇಜಿನಲ್ಲಿ ಚಮಚ ಕೆಳಗಿಟ್ಟು ನೆಟಾ ಅಂದ, ಏನು ಅಂದೆ, ಬಾಯಿ ತೆರೆದೇ ಇತ್ತು, ಏನು ಹೇಳು, ಏನು ಹೇಳು ಎಂದು ಕೇಳುತ್ತಲೇ ಇದ್ದೆ, ಬಾಯಿ ಹಾಗೇ ತೆರೆದಿತ್ತು, ದುಂಡಗೆ, ಖಾಲಿ, ಇದೂ ಹಾಗೇ, ದುಂಡಗೆ, ಖಾಲಿ —