ಎಷ್ಟು ನೀರಿಗೂ ಸಾಯದ ಗಿಡ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಗಿಡ ಕೊಳ್ಳಲು ಬಂದವರು ಹೂವಿನ ಬಣ್ಣಕ್ಕೆ ಮರುಳಾಗಿ ಕುಂಡಕ್ಕೆ ಕೈ ಹಾಕಿದರೆ ತಡೆದುಬಿಡುತ್ತೇನೆ. 'ಬಿಸಿಲು ಎಷ್ಟು ಬೀಳುತ್ತೆ? ನೀರು ನಿಲ್ಲೋ ನೆಲವಾ, ಇಂಗೋ ನೆಲವಾ? ನೋಡ್ಕೊಳ್ಳೋರು ಯಾರು?' ಈ ಮೂರಕ್ಕೂ ಉತ್ತರ ಬಾರದೆ ನಮ್ಮ ನರ್ಸರಿಯಿಂದ ಒಂದು ಎಲೆಯೂ ಹೊರಗೆ ಹೋಗುವುದಿಲ್ಲ. ಈ ನಿಯಮ ಭಾವನದು. ನರ್ಸರಿ ಕಟ್ಟಿದವರೂ ಅವರೇ. ಅಕ್ಕನ ಮದುವೆಯಾದಾಗ ನಾನಿನ್ನೂ ಚಿಕ್ಕವಳು. ಅವರ ಬೆನ್ನಿಗೆ ಬಿದ್ದು ಈ ಕಸುಬು ಕಲಿತೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನು ಅವರಿಗೆ 'ಮೊಳಕೆ'.

'ಗಿಡ ಸಾಯೋದೇ ಮೂರನೇ ಪ್ರಶ್ನೆಗೆ, ಮೊಳಕೆ' ಎನ್ನುತ್ತಿದ್ದರು. 'ಬಿಸಿಲು ಸುಳ್ಳು ಹೇಳಲ್ಲ, ಮಣ್ಣೂ ಹೇಳಲ್ಲ. ಜನ ಹೇಳ್ತಾರೆ.'

ಈಗ ಆ ಮೂರನೇ ಪ್ರಶ್ನೆಗೆ ಭಾವನೇ ಉತ್ತರವಾಗಿ ಕೂತಿದ್ದಾರೆ.

ಅವರಿಗೆ ಮರೆವಿನ ಕಾಯಿಲೆ. ಗಿಡಕ್ಕೆ ನೀರು ಹಾಕಿ ಒಳಗೆ ಬಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಹಾಕಿದ್ದು ಮರೆತಿರುತ್ತದೆ. ಮತ್ತೆ ಹೋಗಿ ಕೊಳಾಯಿ ತಿರುಗಿಸುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಅವರ ಮನೆ ಹಿತ್ತಿಲಿನ ಗಿಡಗಳೆಲ್ಲ ಬೇರು ಕೊಳೆತು ಒಂದೊಂದಾಗಿ ಮಲಗಿದವು. ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಸತ್ತ ಗಿಡ ಅವರ ಕಣ್ಣಿಗೆ ಪ್ರತಿ ಸಲವೂ ಹೊಸದಾಗಿಯೇ ಬೀಳುತ್ತದೆ. 'ಯಾರೇ ಇದನ್ನ ಕೊಂದಿದ್ದು?' ಎಂದು ಅಕ್ಕನನ್ನು ಕೇಳಿ, ಕೆಸರಲ್ಲೇ ಕುಕ್ಕರುಗಾಲಲ್ಲಿ ಕೂತು ಅಳುತ್ತಾರೆ. ಸ್ವಲ್ಪ ಹೊತ್ತಿಗೆ ಮರೆತು ಏಳುತ್ತಾರೆ. ಮತ್ತೆ ನೋಡುತ್ತಾರೆ, ಮತ್ತೆ ಅಳುತ್ತಾರೆ.

'ಕೊಳಾಯಿಗೆ ಬೀಗ ಹಾಕ್ಸೇ' ಎಂದೆ.

'ಅದೂ ಆಯ್ತು ಕಣೇ. ಕುಡಿಯೋಕೆ ಕೊಟ್ಟ ನೀರನ್ನ ಒಯ್ದು ಸುರಿದ್ರು. ಕಾಫಿನೂ ಸುರಿದ್ರು.' ಅಕ್ಕ ನಗಲು ಹೋದಳು, ಅಳು ಬಂತು. 'ಗಿಡಗಳನ್ನೇ ತೆಗೆಸಿಬಿಟ್ಟೆ. ಬರೀ ನೆಲ ನೋಡಿ ಕಳ್ಳರು ಬಂದ್ರು ಅಂತ ಬೀದಿಗೆ ಓಡಿದ್ರು. ಊರಿಗೆಲ್ಲ ಗಿಡ ಆರಿಸಿ ಕೊಡ್ತೀಯಲ್ಲ, ಎಷ್ಟು ನೀರು ಹಾಕಿದ್ರೂ ಸಾಯದೆ ಇರೋ ಒಂದು ಗಿಡ ಇವರಿಗೆ ಕೊಡೋಕೆ ನಿನ್ನ ಕೈಲಾಗಲ್ವಾ? ಇನ್ನೊಂದು ಸಲ ಅವರು ಅಳೋದನ್ನ ನನಗೆ ನೋಡೋಕಾಗಲ್ಲ.'

ನನ್ನ ಕಸುಬಿನ ಜಂಬ ಅಲ್ಲಿಂದಲೇ ಇಳಿಯತೊಡಗಿತು. ಕ್ರೋಟನ್ ಕೊಟ್ಟೆ, ಎಲೆ ಉದುರಿಸಿ ಕಡ್ಡಿಯಾಯಿತು. ದಾಸವಾಳ ಹಳದಿಗೆ ತಿರುಗಿ ಹೋಯಿತು. ಮನಿಪ್ಲಾಂಟ್ ನೀರಿನ ಬಾಟಲಿಯಲ್ಲೇ ಬದುಕುತ್ತದಲ್ಲ ಎಂದು ಕೊಟ್ಟರೆ, 'ಪಾಪ, ಬೇರಿಗೆ ಮಣ್ಣೇ ಇಲ್ಲ' ಎಂದು ಕಿತ್ತು ಕುಂಡಕ್ಕೆ ನೆಟ್ಟು ಮುಳುಗಿಸಿದರು. ಕೊನೆಗೆ ನಾಚಿಕೆ ಬಿಟ್ಟು ಒಂದು ಪ್ಲಾಸ್ಟಿಕ್ ಗಿಡ ಒಯ್ದಿಟ್ಟೆ. ಭಾವ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಹೆಂಡತಿಯ ಹೆಸರನ್ನೇ ಮರೆತ ಮನುಷ್ಯನ ಬೆರಳು ಜೀವಂತ ಎಲೆಯ ಸ್ಪರ್ಶವನ್ನು ಮರೆತಿರಲಿಲ್ಲ. 'ಇದು ಯಾವಾಗ ಸತ್ತೋಯ್ತು?' ಎಂದು ಅತ್ತೇ ಅತ್ತರು.

ಆಗ ಹೊಳೆದದ್ದು ನೀರಂಚಿನ ಗಿಡಗಳು. ಕೆಸು, ಬಜೆ, ಜಂಬುಹುಲ್ಲು. ಹಳ್ಳದ ಬದಿಯಲ್ಲಿ ಕಾಲು ಅದ್ದಿಕೊಂಡೇ ಬೆಳೆಯುವ ಈ ನೆಲದ ಗಿಡಗಳು. ನೀರು ಹೆಚ್ಚಿದಷ್ಟೂ ಸುಖ. ಭಾವನ ಕಾಲದಲ್ಲಿ ಇವು ನರ್ಸರಿಯ ಚರಂಡಿ ಬದಿಯಲ್ಲಿ ತಲೆಯೆತ್ತಿದರೆ ಕಿತ್ತು ಕಸದ ಗುಂಡಿಗೆ ಎಸೆಯುತ್ತಿದ್ದೆವು. ಈಗ ನಾನು ಅವನ್ನೇ ಕುಂಡದಲ್ಲಿಟ್ಟು 'ನಾಡಗಿಡ' ಎಂದು ಚೀಟಿ ಅಂಟಿಸಿ ಮಾರುತ್ತೇನೆ, ಜನ ಕಾರಿನಲ್ಲಿ ಬಂದು ಒಯ್ಯುತ್ತಾರೆ. ಕಾಲ ಕೆಟ್ಟಿತು ಎನ್ನಲೋ ಸುಧಾರಿಸಿತು ಎನ್ನಲೋ ತಿಳಿಯದು.

ಹಿತ್ತಿಲ ತುಂಬ ನೆಟ್ಟೆ. ಭಾವ ನೀರು ಸುರಿದರು. ಅವು ಕುಡಿದವು. ಇನ್ನೂ ಸುರಿದರು, ಇನ್ನೂ ಕುಡಿದವು. ಕೆಸುವಿನ ಎಲೆ ಮೊರದಗಲ ಹರಡಿತು. ಭಾವ ಅಳಲಿಲ್ಲ. ಅಕ್ಕ ಫೋನಿನಲ್ಲಿ, 'ಇವತ್ತು ಮಧ್ಯಾಹ್ನ ನಿದ್ದೆ ಮಾಡ್ದೆ ಕಣೇ' ಎಂದಳು. ಗೆದ್ದೆ ಎಂದುಕೊಂಡೆ. ಅವತ್ತು ಗಿರಾಕಿಗಳ ಮೇಲೂ ರೇಗಲಿಲ್ಲ.

ಆಮೇಲೊಂದು ಭಾನುವಾರ ಹೋದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಹಿತ್ತಿಲ ಕಡೆ ಕೈ ತೋರಿಸಿದಳು.

ಒಂದು ಗಿಡವೂ ಇರಲಿಲ್ಲ. ಕೆಸು, ಬಜೆ, ಜಂಬು ಎಲ್ಲವನ್ನೂ ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ಮೂಲೆಯಲ್ಲಿ ಒಪ್ಪವಾಗಿ ಗುಡ್ಡೆ ಹಾಕಿದ್ದರು. ಭಾವ ಮೊಣಕಾಲವರೆಗೆ ಕೆಸರಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಮುಖದಲ್ಲಿ ಹಳೆಯ ಕಳೆ. ಇಷ್ಟು ದಿನದಲ್ಲಿ ಅವರು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ.

'ಎಷ್ಟು ಕಳೆ ಬೆಳೆದಿತ್ತು ಅಂತೀರಿ!' ಎಂದರು ನನಗೆ. 'ಎಲ್ಲ ಕಿತ್ತು ಹಾಕ್ದೆ.'

ಕಳೆ ಕೀಳುವುದನ್ನು ನನಗೆ ಕಲಿಸಿದವರೇ ಅವರು. ಈಗ ಏನೆಂದು ಬೈಯಲಿ?

'ಭಾವ' ಎಂದೆ.

'ನೀವು ಯಾರಮ್ಮ? ಗಿಡ ಬೇಕಿತ್ತಾ?' ನನಗೆ ಬಹುವಚನ. 'ಸ್ವಲ್ಪ ದಿನ ತಡೀರಿ. ಇಲ್ಲಿ ಗಿಡ ಯಾಕೋ ಉಳೀತಾ ಇಲ್ಲ. ನನಗೊಬ್ಬಳು ನಾದಿನಿ ಇದ್ದಾಳೆ, ಮೊಳಕೆ ಅಂತ. ಅವಳ ಕೈ ತಾಗಿದ್ರೆ ಒಣಕಡ್ಡಿನೂ ಚಿಗುರುತ್ತೆ. ಅವಳು ಬರೋವರೆಗೂ ನೆಲ ಒಣಗಬಾರ್ದು ನೋಡಿ, ಅದಕ್ಕೇ ನೀರು ಹಾಕ್ತಾ ಇರ್ತೀನಿ.'

'ನಾನೇ ಭಾವ, ಮೊಳಕೆ.'

ಅವರು ನನ್ನ ನರೆತ ತಲೆಯನ್ನೂ ಮುಖವನ್ನೂ ನೋಡಿದರು. ಬಂದವರ ಮನಸ್ಸು ನೋಯಿಸಬಾರದೆಂದು ಮೆಲ್ಲಗೆ ನಕ್ಕರು.

'ಅವಳು ಇನ್ನೂ ಚಿಕ್ಕವಳಮ್ಮ' ಎಂದರು.

ಆಮೇಲೆ ಬಗ್ಗಿ ಪೈಪು ಎತ್ತಿಕೊಂಡು ಬರಿಯ ಕೆಸರಿನ ಮುಂದೆ ನಿಂತು ಕಾದರು. ನಾನು ಹೋಗಿ ಕೊಳಾಯಿ ತಿರುಗಿಸಿದೆ.